ಗ್ಯಾರೇಜು: ಹಳೆಯ ಫಾರೆಸ್ಟರ್‌ಗೆ ಎಲ್ಲಿ ದುಡ್ಡು ಹಾಕಬೇಕು, ಎಲ್ಲಿ ಬೇಡ

ಈ ಸಲ ಮುಂಬೈ, ಪುಣೆ, ಗೋವಾದ ಓದುಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಕಾರಿನ ಬಗ್ಗೆ ಇವೆ. ಅದು ಷೆವರ್ಲೆ ಹೆಸರಿನಲ್ಲಿ ನಮ್ಮಲ್ಲಿ ಮಾರಾಟವಾದ ಫಾರೆಸ್ಟರ್. ಜನರಲ್ ಮೋಟಾರ್ಸ್‌ಗೆ ಆಗ ಸುಬಾರು ತಯಾರಿಸುವ ಫ್ಯೂಜಿ ಹೆವಿ ಇಂಡಸ್ಟ್ರೀಸ್‌ನಲ್ಲಿ ಪಾಲಿತ್ತು. ಹಾಗಾಗಿ ಸುಬಾರು ಫಾರೆಸ್ಟರ್ ಜಪಾನಿನಲ್ಲೇ ಪೂರ್ತಿ ತಯಾರಾಗಿ, ಮೂತಿಗೆ ಷೆವರ್ಲೆ ಗುರುತು ಅಂಟಿಸಿಕೊಂಡು ಇಲ್ಲಿಗೆ ಬಂತು. ಜನರಲ್ ಮೋಟಾರ್ಸ್ 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿತು. ಉಳಿದ ಕಾರುಗಳು ಈಗ ಮಾಲೀಕರ ಮತ್ತು ಓಣಿಯ ಮೆಕ್ಯಾನಿಕರ ಕೈಯಲ್ಲಿವೆ. ಒಳ್ಳೆಯ ಗಾಡಿ. ಸರಿಯಾಗಿ ನೋಡಿಕೊಂಡರೆ ಇನ್ನೂ ಬಹಳ ಓಡುತ್ತದೆ.

ಪ್ರಶ್ನೆ: ನನ್ನದು 2005ರ ಫಾರೆಸ್ಟರ್. ನಾನಾ ಪೇಠೆಯಲ್ಲಿ ಪಾರ್ಟ್ಸ್ ಕೇಳಿದರೆ 'ಫಾರೆಸ್ಟರ್‌ದು ಸಿಗಲ್ಲ, ಆಪ್ಟ್ರಾದ್ದು ಹಾಕಿ ನೋಡೋಣ' ಅನ್ನುತ್ತಾರೆ. ಹಾಕಬಹುದೇ?
— ಓದುಗರು, ಚಿಂಚವಡ

ಹಾಕಬೇಡಿ. ಆಪ್ಟ್ರಾ, ಟವೇರಾ ಯಾವುದಕ್ಕೂ ಈ ಗಾಡಿಗೂ ಸಂಬಂಧವಿಲ್ಲ. ಅಂಗಡಿಯಲ್ಲಿ 'ಷೆವರ್ಲೆ' ಎಂದು ಬಾಯಿಬಿಟ್ಟ ತಕ್ಷಣ ಹುಡುಕಾಟ ತಪ್ಪು ದಾರಿ ಹಿಡಿಯುತ್ತದೆ. ಆರ್‌ಸಿ ತೆಗೆದು ಚಾಸಿ ನಂಬರ್ ನೋಡಿ. 'ಜೆಎಫ್1' ಎಂದು ಶುರುವಾದರೆ ಅದು ಸುಬಾರು. ಮುಂದೆ 'ಎಸ್‌ಜಿ5' ಎಂದಿದ್ದರೆ ಎರಡನೇ ತಲೆಮಾರಿನ ಫಾರೆಸ್ಟರ್, 2.0 ಲೀಟರ್ ಎಂಜಿನ್. ಎಂಜಿನ್ನಿನ ಹೆಸರು ಇಜೆ20. ಅಂಗಡಿಯವರಿಗೆ ಈ ಮೂರನ್ನು ಬರೆದ ಚೀಟಿ ಕೊಡಿ. ಆಸ್ಟ್ರೇಲಿಯಾ, ಯುರೋಪು, ದುಬೈ ಕಡೆ ಇದೇ ಕಾರು ಸುಬಾರು ಹೆಸರಿನಲ್ಲೇ ಓಡುವುದರಿಂದ ಚಾಸಿ ನಂಬರ್ ಹಾಕಿದರೆ ಪಾರ್ಟ್ ನಂಬರ್ ಸಿಗುತ್ತದೆ.

ಇನ್ನು ಖರ್ಚಿನ ಮಾತು. ಎಲ್ಲವನ್ನೂ ಹೊರದೇಶದಿಂದ ತರಿಸಬೇಕಿಲ್ಲ. ಬೇರಿಂಗಿನ ಮೇಲೆ ಕೆತ್ತಿದ ನಂಬರ್, ಆಯಿಲ್ ಸೀಲಿನ ಒಳಸುತ್ತು, ಹೊರಸುತ್ತು, ದಪ್ಪ, ಆಲ್ಟರ್ನೇಟರ್ ಬೆಲ್ಟಿನ ಉದ್ದ ಮತ್ತು ಅದರ ಮೇಲಿನ ತೋಡುಗಳ ಸಂಖ್ಯೆ, ಇಷ್ಟು ಗೊತ್ತಿದ್ದರೆ ನಾನಾ ಪೇಠೆಯಲ್ಲೂ ಮುಂಬೈಯ ಆಪೆರಾ ಹೌಸ್ ಕಡೆಯೂ ಅವು ಸಿಗುತ್ತವೆ. ಹೋಸ್ ಕ್ಲಾಂಪ್, ಸ್ಪಾರ್ಕ್ ಪ್ಲಗ್, ಬಲ್ಬ್, ವೈಪರ್ ರಬ್ಬರ್ ಕೂಡ ಹಾಗೆಯೇ. ಟೈಮಿಂಗ್ ಬೆಲ್ಟ್ ಟೆನ್ಷನರ್, ಥರ್ಮೋಸ್ಟಾಟ್, ವಾಟರ್ ಪಂಪ್, ಹೆಡ್ ಗ್ಯಾಸ್ಕೆಟ್ ಈ ನಾಲ್ಕನ್ನು ಮಾತ್ರ ಸುಬಾರು ನಂಬರ್ ನೋಡಿಯೇ ಕೊಳ್ಳಿ. ತರಿಸುವಾಗ ಬೇಕಾದದ್ದನ್ನೆಲ್ಲ ಒಂದೇ ಪಾರ್ಸೆಲ್‌ನಲ್ಲಿ ತರಿಸಿ. ಬಿಡಿಬಿಡಿಯಾಗಿ ತರಿಸಿದರೆ ಕೊರಿಯರ್ ಖರ್ಚು ಪಾರ್ಟಿನ ಬೆಲೆ ಮೀರುತ್ತದೆ.

ಆಯಿಲ್ ಫಿಲ್ಟರ್ ಬಗ್ಗೆ ಒಂದು ಎಚ್ಚರಿಕೆ. ಇದರ ಚೂಡಿ, ಅಂದರೆ ತಿರುಪಿನ ಸುತ್ತು, 20 ಮಿ.ಮೀ., 1.5 ಪಿಚ್. ನಮ್ಮಲ್ಲಿನ ಹಲವು ಕಾರುಗಳ ಫಿಲ್ಟರ್ ಇದಕ್ಕೆ ಕೂರುತ್ತದೆ, ಲೀಕ್ ಕೂಡ ಆಗುವುದಿಲ್ಲ. ಆದರೆ ಸುಬಾರು ಫಿಲ್ಟರಿನ ಬೈಪಾಸ್ ವಾಲ್ವ್ ಸುಮಾರು 23 ಪಿಎಸ್‌ಐ ಒತ್ತಡಕ್ಕೆ ತೆರೆಯುತ್ತದೆ. ಬೇರೆ ಬಹಳಷ್ಟು ಫಿಲ್ಟರುಗಳಲ್ಲಿ ಅದು ಇದರ ಅರ್ಧದಷ್ಟಕ್ಕೇ ತೆರೆದು, ಸೋಸದ ಆಯಿಲನ್ನು ಎಂಜಿನ್ನಿಗೆ ಬಿಡುತ್ತದೆ. ಚೂಡಿ ಕೂತಿತೆಂದು ಹಾಕಬೇಡಿ.

ಪ್ರಶ್ನೆ: ಗಾಡಿ 92,000 ಕಿ.ಮೀ. ಓಡಿದೆ. ಟೈಮಿಂಗ್ ಬೆಲ್ಟ್ ಬದಲಾಯಿಸಿದ ದಾಖಲೆ ಇಲ್ಲ. ಕವರ್ ತೆಗೆದು ನೋಡಿದ ಮೆಕ್ಯಾನಿಕ್ 'ಬೆಲ್ಟ್ ಚೆನ್ನಾಗಿದೆ, ಇನ್ನೂ ಓಡಿಸಿ' ಅನ್ನುತ್ತಾರೆ. ಬದಲಿಸಿದರೆ ಬೆಲ್ಟ್ ಒಂದೇ ಸಾಕೇ?
— ಓದುಗರು, ಮುಲುಂಡ್

ಈಗಲೇ ಬದಲಿಸಿ, ಪೂರ್ತಿ ಕಿಟ್ ಹಾಕಿ. ಬೆಲ್ಟಿಗೆ ಕಿಲೋಮೀಟರಿನಷ್ಟೇ ವಯಸ್ಸೂ ಮುಖ್ಯ. ಇಷ್ಟು ವರ್ಷದ ರಬ್ಬರ್ ನೋಡಲು ಚೆನ್ನಾಗಿದ್ದರೂ ಒಳಗಿನ ನೂಲು ಸತ್ತಿರುತ್ತದೆ. ಇಜೆ20ರಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್ನು ವಾಲ್ವಿಗೆ ಬಡಿಯುತ್ತದೆ. ಬಾಗಿದ ವಾಲ್ವ್ ಬದಲಿಸಲು ಎರಡೂ ಹೆಡ್ ಬಿಚ್ಚಬೇಕು. ಆ ಖರ್ಚು ಈ ಹಳೆಯ ಗಾಡಿಯ ಬೆಲೆಯನ್ನೇ ಮುಟ್ಟಬಹುದು.

ಬೆಲ್ಟ್ ಒಂದೇ ಏಕೆ ಸಾಲದು ಎಂದರೆ, ಬಹಳ ಸಲ ಮೊದಲು ಕೆಡುವುದು ಬೆಲ್ಟಲ್ಲ, ಅದು ಸುತ್ತುವ ಐಡ್ಲರ್ ಎಂಬ ಪುಲ್ಲಿ. ಬೇರಿಂಗಿನ ಗ್ರೀಸ್ ಒಣಗಿ ಹಿಡಿದುಕೊಂಡಿತೆಂದರೆ ಹೊಸ ಬೆಲ್ಟನ್ನೂ ಹರಿದುಹಾಕುತ್ತದೆ. ಬೆಲ್ಟ್, ಹೈಡ್ರಾಲಿಕ್ ಟೆನ್ಷನರ್, ನಯವಾದ ಐಡ್ಲರುಗಳು, ಹಲ್ಲಿರುವ ಒಂದು ಐಡ್ಲರ್, ಲೋಹದ ಗ್ಯಾಸ್ಕೆಟ್ ಸಮೇತ ವಾಟರ್ ಪಂಪ್, ಥರ್ಮೋಸ್ಟಾಟ್, ಎರಡು ಕ್ಯಾಮ್ ಸೀಲ್, ಮುಂದಿನ ಕ್ರ್ಯಾಂಕ್ ಸೀಲ್ ಎಲ್ಲವೂ ಒಟ್ಟಿಗೆ ಆಗಬೇಕು. ಬಿಚ್ಚುವ ಕೂಲಿ ಒಂದೇ ಸಲ ಬೀಳುತ್ತದೆ. ವಾಟರ್ ಪಂಪನ್ನು ತಿರುಗಿಸುವುದೂ ಇದೇ ಬೆಲ್ಟ್. ಅದನ್ನು ಈಗ ಬಿಟ್ಟು ಮುಂದಿನ ವರ್ಷ ಲೀಕಾದರೆ ಅದೇ ಕೂಲಿಯನ್ನು ಮತ್ತೆ ಕೊಡಬೇಕು.

ಸುಬಾರು ಕೆಲಸ ಮಾಡದ ಮೆಕ್ಯಾನಿಕರು ಎಡವುವ ಜಾಗಗಳನ್ನು ಹೇಳುತ್ತೇವೆ. ಇದನ್ನು ಅವರಿಗೆ ಓದಿ ಹೇಳಿ.

ರೇಡಿಯೇಟರ್ ಫ್ಯಾನ್ ಎರಡನ್ನೂ ತೆಗೆದರೆ ಕೈಯಾಡಲು ಜಾಗ ಸಿಗುತ್ತದೆ. ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ 22ರ ಸಾಕೆಟ್ ಬೇಕು. ಮ್ಯಾನ್ಯುಯಲ್ ಗಾಡಿಯಾದರೆ ಐದನೇ ಗೇರಿಗೆ ಹಾಕಿ ಒಬ್ಬರು ಬ್ರೇಕ್ ತುಳಿದು ಹಿಡಿದರೆ ಬೋಲ್ಟ್ ಬಿಡುತ್ತದೆ. ಅತಿ ದೊಡ್ಡ ತಪ್ಪು ಆಗುವುದು ಗುರುತು ಕೂಡಿಸುವಲ್ಲಿ. ಕ್ರ್ಯಾಂಕ್ ಸ್ಪ್ರಾಕೆಟ್ ಮೇಲೆ ಬಾಣದ ಗುರುತೊಂದು ಎದ್ದು ಕಾಣುತ್ತದೆ. ಬೆಲ್ಟ್ ಕೂಡಿಸುವ ಗುರುತು ಅದಲ್ಲ. ಸ್ಪ್ರಾಕೆಟ್ಟಿನ ಹಿಂಭಾಗದಲ್ಲಿ, ಸೆನ್ಸರ್ ಓದುವ ಹಲ್ಲೊಂದರ ಮೇಲೆ ಸಣ್ಣ ಗೀರಿದೆ. ಅದು ಬ್ಲಾಕಿನ ಗುರುತಿಗೆ ನೇರ ಬರಬೇಕು. ಕ್ಯಾಮ್ ಪುಲ್ಲಿಗಳಲ್ಲೂ ಬಾಣ ಬಿಟ್ಟು ಗೀರನ್ನೇ ಹಿಡಿಯಿರಿ. ಬಾಣ ನಂಬಿ ಕಟ್ಟಿದ ಬೆಲ್ಟಿನಿಂದ ಎಂಜಿನ್ ಕೆಟ್ಟ ಉದಾಹರಣೆಗಳು ಬೇಕಾದಷ್ಟಿವೆ. ಬೆಲ್ಟ್ ತೆಗೆದ ಮೇಲೆ ಕ್ರ್ಯಾಂಕ್, ಕ್ಯಾಮ್ ಯಾವುದನ್ನೂ ಸುಮ್ಮನೆ ತಿರುಗಿಸಬಾರದು.

ಹಳೆಯ ಟೆನ್ಷನರನ್ನೇ ಮತ್ತೆ ಹಾಕುವ ಅನಿವಾರ್ಯ ಬಂದರೆ ಅದನ್ನು ವೈಸಿನಲ್ಲಿ ನೆಟ್ಟಗೆ ನಿಲ್ಲಿಸಿ ನಿಧಾನಕ್ಕೆ ಒತ್ತಿ. ಕನಿಷ್ಠ ಮೂರು ನಿಮಿಷ ಹಿಡಿಯಲಿ. ಪಟ್ಟನೆ ಒತ್ತಿದರೆ ಒಳಗಿನ ಸೀಲ್ ಹೋಗುತ್ತದೆ. ಒತ್ತಿದ ಮೇಲೆ ತೂತಿಗೆ 1.5 ಮಿ.ಮೀ. ಅಲೆನ್ ಕೀ ತೂರಿಸಿಡಿ, ಬೆಲ್ಟ್ ಕೂತ ಮೇಲೆ ಎಳೆಯಿರಿ. ಐಡ್ಲರ್ ಬೋಲ್ಟುಗಳಿಗೆ 39 ನ್ಯೂಟನ್ ಮೀಟರ್, ವಾಟರ್ ಪಂಪ್ ಬೋಲ್ಟುಗಳಿಗೆ 12. ಪಂಪಿನ ಬೋಲ್ಟುಗಳನ್ನು ಒಂದೇ ಸಲಕ್ಕೆ ಬಿಗಿಯದೆ ಎರಡು ಸುತ್ತಿನಲ್ಲಿ ಬಿಗಿಯಬೇಕು.

ಮ್ಯಾನ್ಯುಯಲ್ ಗಾಡಿಗೆ ಕ್ರ್ಯಾಂಕ್ ಸ್ಪ್ರಾಕೆಟ್ ಹತ್ತಿರ ಬೆಲ್ಟ್ ಗೈಡ್ ಎಂಬ ಬಾಗಿದ ತಗಡು ಇರುತ್ತದೆ. 'ಇದೇನೂ ಬೇಡ' ಎಂದು ಅದನ್ನು ಬಿಸಾಡುವವರಿದ್ದಾರೆ. ಗೇರಿನಲ್ಲಿ ನಿಲ್ಲಿಸಿದ ಗಾಡಿ ಇಳಿಜಾರಿನಲ್ಲಿ ಹಿಂದಕ್ಕೆ ಜಗ್ಗಿ ಎಂಜಿನ್ ಉಲ್ಟಾ ತಿರುಗಿದಾಗ ಬೆಲ್ಟ್ ಹಲ್ಲು ಹಾರದಂತೆ ತಡೆಯುವುದು ಅದೇ ತಗಡು. ಬೆಲ್ಟಿಗೂ ಗೈಡಿಗೂ ನಡುವೆ ಅರ್ಧದಿಂದ ಒಂದೂವರೆ ಮಿ.ಮೀ. ಸಂದು ಇರಲಿ, ಫೀಲರ್ ಗೇಜಿನಿಂದ ಅಳೆಯಿರಿ.

ಕ್ರ್ಯಾಂಕ್ ಸೀಲ್ ಹಾಕಲು ಆಯಿಲ್ ಪಂಪ್ ಬಿಚ್ಚಿದರೆ ಪಂಪಿನ ಹಿಂಬದಿ ಪ್ಲೇಟಿನ ಸ್ಕ್ರೂಗಳನ್ನು ನೋಡಿ. ಅವು ಸಡಿಲವಾಗಿರುವುದು ಈ ಎಂಜಿನ್ನಿನ ಹಳೆಯ ಚಾಳಿ. ಥ್ರೆಡ್‌ಲಾಕ್ ಹಚ್ಚಿ ಬಿಗಿಯಿರಿ, ಓ-ರಿಂಗ್ ಹೊಸದು ಹಾಕಿ. ಕೊನೆಗೆ ಪಾನಾದಿಂದ ಕ್ರ್ಯಾಂಕನ್ನು ಎರಡು ಪೂರ್ತಿ ಸುತ್ತು ಕೈಯಲ್ಲೇ ತಿರುಗಿಸಿ, ಮೂರೂ ಗೀರುಗಳು ಮತ್ತೆ ಕೂಡಿದವೇ ನೋಡಿ. ಬೆಲ್ಟಿನ ಮೇಲಿನ ಬಿಳಿ ಗೆರೆಗಳು ಆಗ ಬೇರೆಲ್ಲೋ ಇರುತ್ತವೆ, ಅದು ಸಹಜ. ಸ್ಪ್ರಾಕೆಟ್ಟಿನ ಗೀರು ಕೂಡಿದರೆ ಸಾಕು. ಪುಲ್ಲಿಯ ಬೋಲ್ಟನ್ನು ಮಾತ್ರ ಸರ್ವಿಸ್ ಮ್ಯಾನ್ಯುಯಲ್ ಹೇಳಿದ ಟಾರ್ಕಿಗೇ ಬಿಗಿಯಬೇಕು. ಸಡಿಲವಾದರೆ ಪುಲ್ಲಿ ಅಲ್ಲಾಡಿ ಕ್ರ್ಯಾಂಕಿನಲ್ಲಿ ಕೀ ಕೂರುವ ತೋಡನ್ನೇ ತಿಂದುಹಾಕುತ್ತದೆ.

ಪ್ರಶ್ನೆ: ಖಂಡಾಲಾ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಗ್ಯಾರೇಜಿನವರು ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಇಳಿಸಬೇಕು ಅನ್ನುತ್ತಿದ್ದಾರೆ.
— ಓದುಗರು, ಮಾಟುಂಗಾ

ಎಂಜಿನ್ ಇಳಿಸುವ ಮೊದಲು ಅಗ್ಗದ ಅನುಮಾನಗಳನ್ನೆಲ್ಲ ಮುಗಿಸಿ. ಸುಬಾರು ಅಂದರೆ ಹೆಡ್ ಗ್ಯಾಸ್ಕೆಟ್ ಎಂಬ ಕುಖ್ಯಾತಿ ಬಂದದ್ದು ಹೆಚ್ಚಾಗಿ 2.5 ಲೀಟರ್ ಎಂಜಿನ್ನಿನಿಂದ. ನಿಮ್ಮ 2.0ಕ್ಕೆ ಆ ಕಾಟ ಕಡಿಮೆ.

ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ತೆಗೆಯಿರಿ. ಕೂಲಂಟ್ ಬಾಯಿಯವರೆಗೆ ಇದೆಯೇ? ಪಕ್ಕದ ಬಾಟಲಿ ತುಂಬಿದ್ದು ರೇಡಿಯೇಟರ್ ಬರಿದಾಗಿದ್ದರೆ ಕ್ಯಾಪಿನ ಸೀಲ್ ಸತ್ತಿದೆ. ಬಾಟಲಿಗೆ ಹೋದ ನೀರು ವಾಪಸು ಬರುತ್ತಿಲ್ಲ. 1.1 ಬಾರ್ ಬರೆದ ಹೊಸ ಕ್ಯಾಪ್ ಹಾಕಿ. ಆಮೇಲೆ ಎಸಿ ಹಾಕಿ ಫ್ಯಾನ್ ಎರಡೂ ತಿರುಗುತ್ತವೆಯೇ ನೋಡಿ. ರೇಡಿಯೇಟರಿಗೂ ಎಸಿ ಕಂಡೆನ್ಸರಿಗೂ ನಡುವೆ ಟಾರ್ಚ್ ಬಿಡಿ. ಅಲ್ಲಿ ಕೂತ ಧೂಳು, ಹುಳು, ಎಲೆಗಳ ಪದರ ಮುಂದಿನಿಂದ ಕಾಣುವುದಿಲ್ಲ, ಘಾಟಿಯಲ್ಲಿ ಮುಳ್ಳು ಏರಿಸಲು ಅದೊಂದೇ ಸಾಕು.

ಮುಂದಿನದು ಥರ್ಮೋಸ್ಟಾಟ್. ಇದು ವಾಟರ್ ಪಂಪಿನ ಕೆಳಗೆ, ತಣ್ಣೀರು ಒಳಬರುವ ಬದಿಯಲ್ಲಿ ಕೂರುತ್ತದೆ. ಮೂಲ ಥರ್ಮೋಸ್ಟಾಟ್ ಹೊಟ್ಟೆ ದಪ್ಪನೆಯದು, 78 ಡಿಗ್ರಿ ಸುಮಾರಿಗೆ ತೆರೆಯುತ್ತದೆ. ಪೇಟೆಯಲ್ಲಿ ಸಿಗುವ ಸಣ್ಣ ಥರ್ಮೋಸ್ಟಾಟ್ ಅದೇ ಗೂಡಿಗೆ ಕೂರುತ್ತದಾದರೂ ಏರಿನಲ್ಲಿ ಬೇಕಾದಷ್ಟು ನೀರು ಬಿಡುವುದಿಲ್ಲ. 'ಮುಂಬೈಗೆ ಥರ್ಮೋಸ್ಟಾಟೇ ಬೇಡ' ಎಂದು ತೆಗೆದುಹಾಕಿಸಿದ್ದರೆ ವಾಪಸು ಹಾಕಿಸಿ.

ಗಾಳಿ ಸಿಕ್ಕಿಕೊಂಡದ್ದೂ ಕಾರಣವಿರಬಹುದು. ಈ ಗಾಡಿಯದು ಸಿಲಿಂಡರುಗಳು ಅಡ್ಡ ಮಲಗಿದ ಎಂಜಿನ್, ಅದರಲ್ಲಿ ಗಾಳಿ ಸುಲಭಕ್ಕೆ ಹೊರಬರುವುದಿಲ್ಲ. ಮುಳ್ಳು ಏರಿದಾಗಲೇ ಹೀಟರಿನಿಂದ ತಣ್ಣನೆಯ ಗಾಳಿ ಬಂದರೆ ಒಳಗೆ ಗಾಳಿ ಇದೆ ಅಥವಾ ಕೂಲಂಟ್ ಕಡಿಮೆ ಇದೆ. ತುಂಬುವ ಕ್ರಮ ಹೀಗೆ. ಗಾಡಿಯ ಮೂತಿ ಸ್ವಲ್ಪ ಎತ್ತರವಿರಲಿ. ರೇಡಿಯೇಟರಿನ ಮೇಲ್ಗಡೆ, ಕ್ಯಾಪಿನ ಎದುರು ಬದಿಯಲ್ಲಿ ಪ್ಲಾಸ್ಟಿಕ್ ಸ್ಕ್ರೂ ಇದೆ. ಹಳೆಯ ಪ್ಲಾಸ್ಟಿಕ್, ಹಗುರಾಗಿ ಬಿಚ್ಚಿ. ಮೇಲಿನ ಹೋಸ್ ಕಳಚಿ ಮೊದಲು ಅದರೊಳಗಿಂದ ಎಂಜಿನ್ನಿಗೆ ತುಂಬಿ, ಹೋಸ್ ಹಾಕಿ, ಆಮೇಲೆ ರೇಡಿಯೇಟರಿಗೆ ನಿಧಾನವಾಗಿ ಸುರಿಯಿರಿ. ಸ್ಕ್ರೂವಿನ ತೂತಿನಿಂದ ಗುಳ್ಳೆಯಿಲ್ಲದೆ ಕೂಲಂಟ್ ಬಂದಾಗ ಮುಚ್ಚಿ. ಒಟ್ಟು ಸುಮಾರು 7 ಲೀಟರ್ ಹಿಡಿಯುತ್ತದೆ: ಮೂರೂವರೆ ಲೀಟರ್ ಗಟ್ಟಿ ಕೂಲಂಟ್, ಅಷ್ಟೇ ಡಿಸ್ಟಿಲ್ಡ್ ವಾಟರ್. ನಲ್ಲಿ ನೀರು ಬೇಡ. ಹೀಟರ್ ಪೂರ್ತಿ ಬಿಸಿಗೆ ಇಟ್ಟು 2,000 ಆರ್‌ಪಿಎಂ ಸುಮಾರಿಗೆ ಓಡಿಸಿ, ಹೋಸುಗಳನ್ನು ಹಿಸುಕುತ್ತಿರಿ. ಫ್ಯಾನ್ ಎರಡು ಸಲ ಓಡಿ ನಿಂತ ಮೇಲೆ ಆಫ್ ಮಾಡಿ, ಪೂರ್ತಿ ತಣ್ಣಗಾದ ಮೇಲೆ ಮಟ್ಟ ನೋಡಿ ಸುರಿಯಿರಿ.

ಇಷ್ಟಾದರೂ ಮುಳ್ಳು ಏರಿದರೆ ಗ್ಯಾಸ್ಕೆಟ್ ಪರೀಕ್ಷೆ. ಎಂಜಿನ್ ಬಿಸಿಯಾಗಿದ್ದು ಬಾಟಲಿಯಲ್ಲಿ ಗುಳ್ಳೆ ಒಂದೇ ಸಮನೆ ಬರುತ್ತಿದೆಯೇ, ಬಾಟಲಿಯ ನೀರು ಕಪ್ಪಾಗಿ ಹೊಗೆಯ ವಾಸನೆ ಬಡಿಯುತ್ತಿದೆಯೇ ನೋಡಿ. ಖಚಿತವಾಗಲು ಬ್ಲಾಕ್ ಟೆಸ್ಟರ್ ಬೇಕು. ರೇಡಿಯೇಟರ್ ಬಾಯಿಯ ಗಾಳಿಯನ್ನು ಅದರ ನೀಲಿ ದ್ರವದ ಮೂಲಕ ಎಳೆದಾಗ ದ್ರವ ಹಳದಿಯಾದರೆ ಗ್ಯಾಸ್ಕೆಟ್ ಹೋಗಿದೆ. ಆಗ ಹಲವು ಪದರದ ಸ್ಟೀಲ್ ಗ್ಯಾಸ್ಕೆಟನ್ನೇ ತರಿಸಿ. ಇಂಟರ್ನೆಟ್ಟಿನಲ್ಲಿ ಕಣ್ಣಿಗೆ ಬೀಳುವ ಕಿಟ್‌ಗಳಲ್ಲಿ ಹೆಚ್ಚಿನವು 2.5ರವು, ಅದರ ಸಿಲಿಂಡರ್ ಬೋರ್ 99.5 ಮಿ.ಮೀ., ನಿಮ್ಮದು 92. ಹೆಡ್ ಎರಡನ್ನೂ ಮಷೀನ್ ಶಾಪಿಗೆ ಕೊಟ್ಟು ಸಮತಟ್ಟು ನೋಡಿಸಿ. ನೇರ ಪಟ್ಟಿಯ ಕೆಳಗೆ 0.05 ಮಿ.ಮೀ. ಫೀಲರ್ ತೂರಿದರೆ ಮಟ್ಟ ಹೊಡೆಸಬೇಕು.

ಪ್ರಶ್ನೆ: ಹೊಂಡಕ್ಕೆ ಬಿದ್ದು ಒಂದು ಟೈರ್ ಸೀಳಿದೆ. ಉಳಿದ ಮೂರು ಅರ್ಧ ಸವೆದಿವೆ. ಒಂದೇ ಹೊಸದು ಹಾಕಿದರೆ ನಡೆಯುತ್ತದೆಯೇ?
— ಓದುಗರು, ಕಾತ್ರಜ್

ನಡೆಯುವುದಿಲ್ಲ. ನಾಲ್ಕೂ ಚಕ್ರಗಳಿಗೆ ಸದಾ ಶಕ್ತಿ ಹೋಗುವ ಗಾಡಿ ಇದು. ಹೊಸ ಟೈರಿನ ಸುತ್ತಳತೆ ಹೆಚ್ಚು, ಹಾಗಾಗಿ ಅದು ಕಡಿಮೆ ಸುತ್ತು ತಿರುಗುತ್ತದೆ. ಆ ವ್ಯತ್ಯಾಸವನ್ನು ಗೇರ್‌ಬಾಕ್ಸಿನ ಹಿಂದಿನ ವಿಸ್ಕಸ್ ಕಪ್ಲಿಂಗ್ (ಮುಂದಿನ, ಹಿಂದಿನ ಚಕ್ರಗಳ ವೇಗ ಹೊಂದಿಸುವ ಭಾಗ) ದಿನವಿಡೀ ನುಂಗುತ್ತಾ ಕಾದು, ಒಳಗಿನ ಸಿಲಿಕೋನ್ ದ್ರವ ಕೆಟ್ಟು ಗಟ್ಟಿಯಾಗುತ್ತದೆ. ನಾಲ್ಕು ಟೈರುಗಳ ಸುತ್ತಳತೆಯಲ್ಲಿ 6 ಮಿ.ಮೀ.ಗಿಂತ ಹೆಚ್ಚು ಅಂತರ ಇರಬಾರದು. ದರ್ಜಿಯ ಟೇಪಿನಿಂದ ಟೈರಿನ ಸುತ್ತ ಅಳೆದರೆ ತಿಳಿಯುತ್ತದೆ. ಟೈರಿನ ಮೇಲಿನ ಗೀರುಗಳ ಆಳದಲ್ಲಿ ಒಂದು ಮಿ.ಮೀ. ವ್ಯತ್ಯಾಸ ಬಂದರೇ ಈ ಮಿತಿ ಮುಟ್ಟಿತು.

ಅಗ್ಗದ ದಾರಿ ಎಂದರೆ ಅದೇ ಕಂಪನಿ, ಅದೇ ಮಾದರಿ, ಅಷ್ಟೇ ಸವೆದ ಒಂದು ಸೆಕೆಂಡ್ ಹ್ಯಾಂಡ್ ಟೈರ್ ಹುಡುಕುವುದು. ತಯಾರಾದ ವಾರ, ವರ್ಷ ಬದಿಯಲ್ಲಿ ನಾಲ್ಕು ಅಂಕಿಯಲ್ಲಿರುತ್ತದೆ, ತುಂಬ ಹಳೆಯದಾದರೆ ಬಿಡಿ. ನಿಮ್ಮ ಗಾಡಿಯದು 215/60 ಆರ್16 ಆಗಿದ್ದರೆ ಅದೃಷ್ಟ. ಮಾರುತಿ ಬ್ರೆಝಾಕ್ಕೂ ಅದೇ ಅಳತೆ ಬರುವುದರಿಂದ ಪುಣೆಯಲ್ಲಿ ಸಿಗುವುದು ಕಷ್ಟವಲ್ಲ. ಸಿಗದಿದ್ದರೆ ನಾಲ್ಕೂ ಹೊಸದು ಹಾಕಬೇಕು. ಹಿಂದೆರಡು ಹೊಸದು, ಮುಂದೆರಡು ಹಳೆಯದು ಎಂಬ ಉಳಿತಾಯವೂ ಕಪ್ಲಿಂಗಿಗೆ ಅಷ್ಟೇ ಹೊರೆ.

ಕಪ್ಲಿಂಗ್ ಈಗಾಗಲೇ ಕೆಟ್ಟಿದೆಯೇ ಎಂದು ತಿಳಿಯಲು ಗಾಡಿ ಚೆನ್ನಾಗಿ ಓಡಿ ಬಿಸಿಯಾದ ಮೇಲೆ ಖಾಲಿ ಜಾಗದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ಮೊದಲ ಗೇರಿನಲ್ಲಿ ಮೆಲ್ಲಗೆ ಸುತ್ತಿ. ಬ್ರೇಕ್ ಹಿಡಿದಂತೆ ಎಳೆದರೆ, ಕುಪ್ಪಳಿಸಿದರೆ ಕೆಟ್ಟಿದೆ. ಗಾಡಿ ಕೆಟ್ಟು ನಿಂತಾಗ ಎರಡು ಚಕ್ರ ಎತ್ತಿ ಎಳೆಯಲು ಟೋಯಿಂಗಿನವರಿಗೆ ಬಿಡಬೇಡಿ, ಫ್ಲಾಟ್‌ಬೆಡ್ ಕರೆಸಿ.

ಪ್ರಶ್ನೆ: ಗುಜರಿಯಲ್ಲಿ ಪೋಲೋ ಕಾರಿನ ಅಲಾಯ್ ಚಕ್ರ ಅಗ್ಗಕ್ಕೆ ಸಿಗುತ್ತಿದೆ. ಕೂರುತ್ತದೆಯೇ?
— ಓದುಗರು, ಕುರ್ಲಾ

ಐದು ಬೋಲ್ಟ್, 100 ಮಿ.ಮೀ. ಸುತ್ತು ಎರಡಕ್ಕೂ ಒಂದೇ. ನಡುವಿನ ತೂತು ಪೋಲೋದ್ದು 57.1, ನಿಮ್ಮದು 56.1. ಹಬ್ ರಿಂಗ್ ಹಾಕಿದರೆ ಅದು ಸರಿಹೋಗುತ್ತದೆ. ಅಪಾಯ ಇರುವುದು ನಟ್ಟಿನಲ್ಲಿ. ಪೋಲೋದ ಮೂಲ ಚಕ್ರದ ಬೋಲ್ಟ್ ಕೂರುವ ಜಾಗ ದುಂಡಗೆ, ಸುಬಾರು ನಟ್ ಶಂಕುವಿನಾಕಾರ. ದುಂಡು ಗುಳಿಯಲ್ಲಿ ಶಂಕು ಅಂಚಿಗಷ್ಟೇ ತಾಗಿ ಓಡುತ್ತ ಸಡಿಲವಾಗುತ್ತದೆ. ಆಫ್‌ಸೆಟ್ ಕೂಡ ಬೇರೆ. ನಮ್ಮ ಮಾತು ಕೇಳುವುದಾದರೆ ಬೇಡ.

ಪ್ರಶ್ನೆ: ಸಿಗ್ನಲ್ಲಿನಲ್ಲಿ ನಿಂತಾಗ ಎಣ್ಣೆ ಸುಟ್ಟ ವಾಸನೆ, ಕೆಲವೊಮ್ಮೆ ಮಿಸ್ಸಿಂಗ್ (ಎಂಜಿನ್ ತಡವರಿಸುತ್ತದೆ).
— ಓದುಗರು, ಡೊಂಬಿವಿಲಿ

ವಾಲ್ವ್ ಕವರ್ ಗ್ಯಾಸ್ಕೆಟ್. ಮಲಗಿದ ಎಂಜಿನ್ನಿನಲ್ಲಿ ಕವರಿನ ಕೆಳ ಅಂಚಿನಿಂದ ಜಿನುಗಿದ ಎಣ್ಣೆ ನೇರ ಎಕ್ಸಾಸ್ಟ್ ಮೇಲೆ ಬೀಳುತ್ತದೆ. ಪ್ಲಗ್ಗಿನ ಕೊಳವೆಯ ಸೀಲ್ ಹೋದರೆ ಪ್ಲಗ್ ಎಣ್ಣೆಯಲ್ಲಿ ಮುಳುಗಿ ಮಿಸ್ ಹೊಡೆಯುತ್ತದೆ. ಎರಡು ಕವರ್ ಗ್ಯಾಸ್ಕೆಟ್, ನಾಲ್ಕು ಕೊಳವೆ ಸೀಲ್, ಬೋಲ್ಟಿನ ರಬ್ಬರ್ ವಾಷರುಗಳು ಒಟ್ಟಿಗೆ ಆಗಲಿ. ಬಲಗಡೆ ಏರ್ ಫಿಲ್ಟರ್ ಪೆಟ್ಟಿಗೆ, ಎಡಗಡೆ ಬ್ಯಾಟರಿ ತೆಗೆದರೆ ಕೈ ಹೋಗುತ್ತದೆ. ಪ್ಲಗ್ ಎಂಜಿನ್ ತಣ್ಣಗಿರುವಾಗಲೇ ಬಿಚ್ಚಿ, ಹೊಸದಕ್ಕೆ 1.0ರಿಂದ 1.1 ಮಿ.ಮೀ. ಸಂದು ಇಡಿ. ಮಳೆಯಲ್ಲಷ್ಟೇ ಮಿಸ್ ಹೊಡೆದರೆ ಕಾಯಿಲ್ ಮೈಯಲ್ಲಿ ಬಿರುಕು ಇದೆಯೇ, ಪ್ಲಗ್ ವೈರ್ ಸೋರುತ್ತಿದೆಯೇ ನೋಡಿ. ಕತ್ತಲೆಯಲ್ಲಿ ಸ್ಪ್ರೇ ಬಾಟಲಿಯಿಂದ ನೀರು ಸಿಂಪಡಿಸಿದರೆ ಕಿಡಿ ಕಣ್ಣಿಗೇ ಕಾಣುತ್ತದೆ.

ಪ್ರಶ್ನೆ: ಫುಲ್ ಟ್ಯಾಂಕ್ ಮಾಡಿಸಿದಾಗಲೆಲ್ಲ ಹಿಂದಿನ ಬಲ ಚಕ್ರದ ಕಡೆ ಪೆಟ್ರೋಲ್ ವಾಸನೆ. ಈಗಿನ ಇ20 (ಶೇ. 20 ಎಥೆನಾಲ್ ಬೆರೆತ) ಪೆಟ್ರೋಲಿನಿಂದಲೇ?
— ಓದುಗರು, ವಾಸ್ಕೊ

ಸಮುದ್ರದ ಉಪ್ಪು ಗಾಳಿಯ ಊರಿನಲ್ಲಿ ಮೊದಲ ಅನುಮಾನ ಫಿಲ್ಲರ್ ಪೈಪಿನ ಮೇಲೆ. ಟ್ಯಾಂಕಿಗೆ ಪೆಟ್ರೋಲ್ ಇಳಿಯುವ ಉಕ್ಕಿನ ಪೈಪ್ ಬಲ ಹಿಂಚಕ್ರದ ಒಳಗೋಡೆಯ ಪ್ಲಾಸ್ಟಿಕ್ ಹಿಂದೆ ಹಾದುಹೋಗುತ್ತದೆ. ಅಲ್ಲಿ ಕೂತ ಮರಳು, ಕೆಸರು ಒಣಗುವುದೇ ಇಲ್ಲ. ಚಕ್ರ ತೆಗೆದು, ಕ್ಲಿಪ್ಪು ಬಿಚ್ಚಿ, ಪ್ಲಾಸ್ಟಿಕ್ ಸರಿಸಿ ನೋಡಿ. ಮೇಲ್ಮೈ ತುಕ್ಕಾದರೆ ಕೈಯಲ್ಲೇ ಉಜ್ಜಿ ಜಿಂಕ್ ಪ್ರೈಮರ್, ಮೇಲೆ ಬಣ್ಣ. ಕಿಡಿ ಹಾರುವ ಗ್ರೈಂಡರ್ ಅಲ್ಲಿ ತರಬೇಡಿ. ತೂತು ಬಿದ್ದಿದ್ದರೆ ಟ್ಯಾಂಕ್ ಖಾಲಿ ಮಾಡಿ ಪೈಪನ್ನು ಕಳಚಿ, ಅದೇ ಬಾಗಿಗೆ ಸ್ಟೇನ್‌ಲೆಸ್ ಪೈಪ್ ಮಾಡಿಸಿ. ಪಕ್ಕದ ತೆಳು ಗಾಳಿ ಪೈಪ್ ಮರೆಯಬಾರದು. ಗಾಡಿಯ ಮೇಲಿರುವಾಗ ವೆಲ್ಡಿಂಗ್ ಖಂಡಿತ ಬೇಡ.

ಇ20ಯ ಹೊಡೆತ ಬೀಳುವುದು ಹಳೆಯ ರಬ್ಬರ್ ಹೋಸುಗಳಿಗೆ. ಇಂಟೇಕ್ ಮ್ಯಾನಿಫೋಲ್ಡ್ ಕೆಳಗಿನ ಪೆಟ್ರೋಲ್ ಹೋಸ್‌ಗಳನ್ನು ಬೆರಳಿನಿಂದ ಬಗ್ಗಿಸಿ ನೋಡಿ, ಬಿರುಕು ಕಂಡರೆ ಎಥೆನಾಲ್ ತಾಳುವ ಫ್ಯುಯಲ್ ಇಂಜೆಕ್ಷನ್ ಹೋಸ್ ಹಾಕಿಸಿ. ಮಳೆಗಾಲದಲ್ಲಿ ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಅರ್ಧ ಟ್ಯಾಂಕ್ ಬಿಡಬೇಡಿ. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ಸನ್‌ರೂಫ್ ಇದ್ದರೆ ಮೂಲೆಗಳ ನೀರಿನ ಕೊಳವೆಗೆ ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ತೂರಿಸಿ ಕಸ ತೆಗೆಯಿರಿ. ಕಂಪ್ರೆಸರ್ ಗಾಳಿ ಹೊಡೆದರೆ ಕೊಳವೆ ಒಳಗೇ ಕಳಚಿ ನೀರು ಕಾರ್ಪೆಟ್ಟಿಗೆ ಬರುತ್ತದೆ.

ಪ್ರಶ್ನೆ: ಆರ್‌ಸಿ ಮುಗಿಯುತ್ತಿದೆ. ಎಂಜಿನ್ ಕೆಲಸ ಮೊದಲು ಮಾಡಿಸಲೋ, ನವೀಕರಣವೋ?
— ಓದುಗರು, ಠಾಣೆ

ಮೊದಲು ಆರ್‌ಸಿ ನೋಡಿ. ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದು, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್ 1ರಿಂದ ಕೇಂದ್ರದ ಶುಲ್ಕ ಇಲ್ಲಿನ ಕಾರಿಗೆ 5,000 ರೂಪಾಯಿ, ಆಮದು ಕಾರಿಗೆ 40,000. 2025ರ ಆಗಸ್ಟ್ ತಿದ್ದುಪಡಿಯಲ್ಲಿ 20 ವರ್ಷ ದಾಟಿದವಕ್ಕೆ ಇದು 10,000 ಮತ್ತು 80,000 ಆಯಿತು. ರಾಜ್ಯದ ಹಸಿರು ತೆರಿಗೆ ಬೇರೆ. ಫಾರೆಸ್ಟರ್ ಆಮದಾದ ಗಾಡಿ. ನಿಮ್ಮ ದಾಖಲೆಯಲ್ಲಿ ಅದು ಹೇಗೆ ನಮೂದಾಗಿದೆ ಎಂದು ಆರ್‌ಟಿಒದಲ್ಲಿ ಕೇಳಿ ತಿಳಿದ ಮೇಲೆ ಪಾರ್ಟ್ಸ್ ತರಿಸಿ.

ಪ್ರಶ್ನೆ: ಯಾವ ಆಯಿಲ್ ಎಷ್ಟು ಹಿಡಿಯುತ್ತದೆ?
— ಓದುಗರು, ಮಡಗಾಂವ್

ಎಂಜಿನ್ನಿಗೆ ಸುಮಾರು 4 ಲೀಟರ್, ನಮ್ಮ ಸೆಕೆಗೆ 10ಡಬ್ಲ್ಯು-40 ಒಳ್ಳೆಯದು. ಡ್ರೈನ್ ಬೋಲ್ಟಿನ ವಾಷರ್ ಪ್ರತಿ ಸಲ ಹೊಸದು. ಮ್ಯಾನ್ಯುಯಲ್ ಗೇರ್‌ಬಾಕ್ಸಿಗೂ ಮುಂದಿನ ಡಿಫರೆನ್ಷಿಯಲ್ಲಿಗೂ ಒಂದೇ ಎಣ್ಣೆ, ಜಿಎಲ್-5 ದರ್ಜೆಯ 75ಡಬ್ಲ್ಯು-90, ಮೂರೂವರೆ ಲೀಟರ್. ಹಿಂದಿನ ಡಿಫರೆನ್ಷಿಯಲ್ಲಿಗೆ 0.8 ಲೀಟರ್. ಅಲ್ಲಿ ಮೊದಲು ಮೇಲಿನ ತುಂಬುವ ಬೋಲ್ಟ್ ಬಿಚ್ಚಿಕೊಳ್ಳಿ. ಎಣ್ಣೆ ಇಳಿಸಿದ ಮೇಲೆ ಅದು ಜಾಮ್ ಆಗಿದೆ ಎಂದು ತಿಳಿದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಎಂಜಿನ್ ಆಯಿಲ್ ಮಟ್ಟ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ನೋಡಿ. ಮಲಗಿದ ಎಂಜಿನ್ನಿನಲ್ಲಿ ಎಣ್ಣೆ ಕೆಳಗಿಳಿಯಲು ಹೊತ್ತು ಹಿಡಿಯುತ್ತದೆ. ಕಡ್ಡಿಯ ಎರಡು ಬದಿಯಲ್ಲಿ ಬೇರೆ ಬೇರೆ ಮಟ್ಟ ಕಂಡರೆ ಕೆಳಗಿನದನ್ನೇ ಲೆಕ್ಕಕ್ಕೆ ಹಿಡಿಯಿರಿ.